ಪ್ರಾಕ್ಸಿ ಲಾಗಿನ ಲೆಕ್ಕ: ಕಲಬುರಗಿಯ ಕಾಲೇಜು ಲ್ಯಾಬಿಗೆ ಸ್ಕ್ವಿಡ್ ವರದಿ ಕಟ್ಟಿದ ಬಗೆ

ಕಲಬುರಗಿಯ ಸೇಡಂ ರಸ್ತೆ ಕಡೆ ಒಂದು ಕಾಲೇಜು. ಮೂರು ಲ್ಯಾಬು, 90 ಡೆಸ್ಕ್‌ಟಾಪು, 100 ಎಂಬಿಪಿಎಸ್‌ನ ಒಂದೇ ಲೈನು. ನಡುವೆ ಉಬುಂಟು ಮೇಲೆ ಓಡುವ ಸ್ಕ್ವಿಡ್ ಪ್ರಾಕ್ಸಿ, ಪೋರ್ಟ್ 3128. ಲ್ಯಾಬಿನ ಯಂತ್ರಗಳು ಕೇಳಿದ್ದನ್ನು ಹೊರಗಿನಿಂದ ತಂದುಕೊಟ್ಟು, ಒಂದೊಂದನ್ನೂ ಲಾಗ್ ಎಂಬ ಕಡತದಲ್ಲಿ ಸಾಲಾಗಿ ಬರೆದಿಡುವ ಮಧ್ಯವರ್ತಿ ಅದು. ಲ್ಯಾಬ್ ಸಹಾಯಕರ ದೂರು ಒಂದೇ: "ಸರ್, ಮುಂಜಾನಿ ಹತ್ತಾತಂದ್ರ ನೆಟ್ ಪೂರಾ ಕೂತ್ಬಿಡ್ತದ್ರಿ." ಲಾಗಿನ ಬೈಟುಗಳನ್ನು ಗಂಟೆವಾರು ಕೂಡಿಸಿ ಗ್ರಾಫ್ ಹಾಕಿದರೂ 10 ಗಂಟೆಯ ಕಂಬವೇ ಎಲ್ಲಕ್ಕಿಂತ ಎತ್ತರ. ಹಾಗಾಗಿ ಲೈನು ಹೆಚ್ಚಿಸಬೇಕು ಅನ್ನುವ ಮಾತು ಶುರುವಾಗಿತ್ತು. ಆ ಕಂಬ ಸುಳ್ಳು. ಸುಳ್ಳು ಹೇಗೆ, ಸರಿಯಾದ ಲೆಕ್ಕ ತೆಗೆಯುವ ಸಣ್ಣ ಪ್ರೋಗ್ರಾಮನ್ನು ಕಟ್ಟುವುದು ಹೇಗೆ ಅನ್ನುವುದು ಕೆಳಗಿದೆ.

ಯಂತ್ರಕ್ಕೆ ದೊಡ್ಡ ಖರ್ಚಿಲ್ಲ. 8 ಜಿಬಿ ರ‍್ಯಾಮ್, 240 ಜಿಬಿ ಎಸ್‌ಎಸ್‌ಡಿ ಇರುವ ಹಳೆಯ ಡೆಸ್ಕ್‌ಟಾಪ್ ಸಾಕು. ಪೈಥಾನ್ ಮತ್ತು ಅದರ ಜೊತೆಗೇ ಬರುವ ಪುಟ್ಟ ಡೇಟಾಬೇಸ್ ಎಸ್‌ಕ್ಯೂಲೈಟ್ ಬಿಟ್ಟು ಬೇರೇನೂ ಹಾಕಬೇಕಿಲ್ಲ. ವಿಶ್ಲೇಷಣೆಯನ್ನು ಪ್ರಾಕ್ಸಿ ಇರುವ ಯಂತ್ರದಲ್ಲೇ ಓಡಿಸಬೇಡಿ. ವರದಿ ತೆಗೆಯುವಾಗ ಡಿಸ್ಕ್ ಬ್ಯುಸಿಯಾಗಿ ಪ್ರಾಕ್ಸಿ ತಡವರಿಸುತ್ತದೆ, ಆಮೇಲೆ ಆ ತಡವರಿಕೆಯೂ ಲಾಗಿಗೇ ಬಂದು ಕೂರುತ್ತದೆ.

ಒಂದು ಸಾಲನ್ನು ಪೂರ್ತಿ ಓದಿ

ಸ್ಕ್ವಿಡ್‌ನ ಮೂಲ ಲಾಗ್ ರೂಪದಲ್ಲಿ ಪ್ರತಿ ಸಾಲಿಗೆ 10 ಕಾಲಂ. ನಮೂನೆಗೆ ಒಂದು ಸಾಲು, ಓದಲು ಸಲೀಸಾಗಲೆಂದು ಕನ್ನಡ ಅಕ್ಷರದಲ್ಲಿ:

1718253012.418 5412380 192.168.10.47 ಟಿಸಿಪಿ_ಟನಲ್/200 731906048 ಕನೆಕ್ಟ್ ಸಿಡಿಎನ್.ಎಕ್ಸಾಂಪಲ್.ಕಾಮ್:443 - ಹೈಯರ್_ಡೈರೆಕ್ಟ್/203.0.113.20 -

ಮೊದಲನೆಯದು ಹೊತ್ತು, 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು. ಭಾರತೀಯ ಸಮಯಕ್ಕೆ ತಿರುಗಿಸಿದರೆ 2024ರ ಜೂನ್ 13, ಬೆಳಿಗ್ಗೆ 10:00:12. ಎರಡನೆಯದು ಎಷ್ಟು ಹೊತ್ತು ಹಿಡಿಯಿತು ಎಂಬುದು, ಮಿಲಿಸೆಕೆಂಡಿನಲ್ಲಿ. ಆಮೇಲೆ ಕೇಳಿದ ಯಂತ್ರದ ಐಪಿ, ಫಲಿತಾಂಶ ಮತ್ತು ಎಚ್‌ಟಿಟಿಪಿ ಸ್ಥಿತಿ, ಬೈಟು, ವಿಧಾನ, ವಿಳಾಸ, ಬಳಕೆದಾರರ ಹೆಸರು (ಲಾಗಿನ್ ಇಲ್ಲದಿದ್ದರೆ ಬರೀ ಅಡ್ಡಗೆರೆ), ಎಲ್ಲಿಂದ ತಂದಿತು, ಕೊನೆಗೆ ಕಡತದ ಬಗೆ.

ಈಗ ಸುಳ್ಳಿನ ಮೂಲಕ್ಕೆ ಬರೋಣ. ಮೊದಲ ಕಾಲಂನಲ್ಲಿ ಇರುವುದು ಕೆಲಸ ಮುಗಿದ ಹೊತ್ತು, ಶುರುವಾದ ಹೊತ್ತಲ್ಲ. ಮೇಲಿನ ಕನೆಕ್ಷನ್ 5412.38 ಸೆಕೆಂಡು ತೆರೆದೇ ಇತ್ತು. ಅಂದರೆ ಶುರುವಾದದ್ದು 8:30ಕ್ಕೆ. ಎಚ್‌ಟಿಟಿಪಿಎಸ್ ಪುಟಗಳೆಲ್ಲ ಕನೆಕ್ಟ್ ಸುರಂಗದಲ್ಲೇ (ಬ್ರೌಸರಿಗೂ ತಾಣಕ್ಕೂ ನಡುವೆ ಪ್ರಾಕ್ಸಿ ತೆರೆದುಕೊಡುವ ಮುಚ್ಚಿದ ದಾರಿ) ಹೋಗುವುದರಿಂದ, ಸುರಂಗ ಮುಚ್ಚಿದ ಮೇಲೆಯೇ ಸ್ಕ್ವಿಡ್ ಒಂದು ಸಾಲು ಬರೆಯುತ್ತದೆ. ಆ ಒಂದೂವರೆ ಗಂಟೆಯಲ್ಲಿ ಹರಿದ 698 ಎಂಬಿ ಪೂರ್ತಿ 10 ಗಂಟೆಯ ಖಾತೆಗೆ ಬೀಳುತ್ತದೆ. ಹತ್ತಕ್ಕೆ ಬ್ಯಾಚ್ ಮುಗಿದು ಹುಡುಗರು ಬ್ರೌಸರ್ ಮುಚ್ಚುತ್ತಾರೆ, 30 ಯಂತ್ರಗಳ ಸುರಂಗಗಳು ಎರಡು ನಿಮಿಷದಲ್ಲಿ ಒಟ್ಟಿಗೆ ಮುಚ್ಚುತ್ತವೆ, ಗ್ರಾಫಿನಲ್ಲಿ ಗುಡ್ಡ ಏಳುತ್ತದೆ. ನಿಜವಾದ ಭಾರ ಇದ್ದದ್ದು ಎಂಟೂವರೆಯಿಂದ ಹತ್ತರವರೆಗೆ.

ಇದಕ್ಕೆ ಪರಿಹಾರ ಬೈಟುಗಳನ್ನು ಅವಧಿಯುದ್ದಕ್ಕೂ ಹರಡುವುದು. ಶುರುವಾದ ಹೊತ್ತು = ಮುಗಿದ ಹೊತ್ತು, ಕಳೆ ಅವಧಿ ಭಾಗಿಸು 1000. ಆ ಎರಡರ ನಡುವಿನ ಕಾಲವನ್ನು ಗಂಟೆಯ ಗಡಿಗಳಲ್ಲಿ ತುಂಡರಿಸಿ, ತುಂಡಿನ ಉದ್ದಕ್ಕೆ ತಕ್ಕಷ್ಟು ಬೈಟು ಹಂಚಿ. ಮೇಲಿನ ಸಾಲಿಗೆ ಹೀಗೆ ಮಾಡಿದರೆ 8ರ ಗಂಟೆಗೆ 232.1 ಎಂಬಿ, 9ರ ಗಂಟೆಗೆ 464.3 ಎಂಬಿ, 10ರ ಗಂಟೆಗೆ ಬರೀ 1.6 ಎಂಬಿ. ಸರಾಸರಿ ವೇಗ 1.08 ಎಂಬಿಪಿಎಸ್. ಒಬ್ಬ ಹುಡುಗ ವಿಡಿಯೊ ಪಾಠ ನೋಡಿದರೆ ಬರುವಂಥದ್ದು, ಲೈನು ಕೂರಿಸುವಂಥದ್ದಲ್ಲ. ಸಮನಾಗಿ ಹರಡುವುದು ಊಹೆಯೇ ಸರಿ. ಸುರಂಗ ಮೊದಲ ಐದು ನಿಮಿಷದಲ್ಲಿ ಎಲ್ಲ ಇಳಿಸಿಕೊಂಡು ಆಮೇಲೆ ಸುಮ್ಮನೆ ತೆರೆದಿರಲೂಬಹುದು. ಆದರೂ ಎಲ್ಲವನ್ನೂ ಕೊನೆಯ ಸೆಕೆಂಡಿಗೆ ಹೇರುವುದಕ್ಕಿಂತ ಇದು ಎಷ್ಟೋ ವಾಸಿ. ಗಂಟೆಗಿಂತ 300 ಸೆಕೆಂಡಿನ ತುಂಡು ಒಳ್ಳೆಯದು, ಪೀರಿಯಡ್ ಬದಲಾಗುವ ಹೊತ್ತು ಸ್ಪಷ್ಟವಾಗಿ ಕಾಣುತ್ತದೆ.

ಒಂದು ಎಚ್ಚರ: ತಡೆದ ಕೋರಿಕೆಗಳ ಅವಧಿ ಎಷ್ಟೋ ಸಲ 0 ಇರುತ್ತದೆ. ಭಾಗಿಸುವ ಮುನ್ನ ಅದನ್ನು ನೋಡಿಕೊಳ್ಳದಿದ್ದರೆ ಪ್ರೋಗ್ರಾಂ ಅಲ್ಲೇ ಬೀಳುತ್ತದೆ. ಅವಧಿ 0 ಇದ್ದರೆ ಬೈಟುಗಳನ್ನು ಆ ತುಂಡಿಗೇ ಹಾಕಿ.

ಇನ್ನೊಂದು ಪರಿಣಾಮ ತಕ್ಷಣ ಹೊಳೆಯುವುದಿಲ್ಲ. ನಿನ್ನೆ ರಾತ್ರಿ ಹಾಸ್ಟೆಲಿನಲ್ಲಿ ತೆರೆದ ಸುರಂಗ ಇವತ್ತು ಬೆಳಗಿನ ಜಾವ ಮುಚ್ಚಿದರೆ, ಅದರ ಸಾಲು ಇವತ್ತಿನ ಲಾಗಿನಲ್ಲಿರುತ್ತದೆ, ಬೈಟು ಮಾತ್ರ ನಿನ್ನೆಗೆ ಸೇರಬೇಕು. ಹಾಗಾಗಿ ಮಧ್ಯರಾತ್ರಿ 12:05ಕ್ಕೆ ತೆಗೆದ ನಿನ್ನೆಯ ವರದಿ ಯಾವಾಗಲೂ ಅಪೂರ್ಣ. ಪ್ರತಿ ರಾತ್ರಿ ಹಿಂದಿನ ಎರಡು ದಿನದ ಲೆಕ್ಕವನ್ನು ಅಳಿಸಿ ಮತ್ತೆ ಕೂಡಿಸುವಂತೆ ಬರೆಯಿರಿ.

ದಿನದ ಗಡಿಯೂ ಹೀಗೇ ಕೈ ಕೊಡುತ್ತದೆ. ಸರ್ವರ್ ಯುಟಿಸಿ ಎಂಬ ವಿಶ್ವ ಸಮಯದಲ್ಲಿದ್ದರೆ ದಿನ ಬದಲಾಗುವುದು ನಮ್ಮ ಬೆಳಿಗ್ಗೆ 5:30ಕ್ಕೆ. ಸೆಕೆಂಡಿನ ಸಂಖ್ಯೆಗೆ 19800 (ಐದೂವರೆ ಗಂಟೆ) ಕೂಡಿಸಿ 86400ರಿಂದ (ಒಂದು ದಿನ) ಭಾಗಿಸಿ ಪೂರ್ಣಾಂಕ ತೆಗೆದುಕೊಂಡರೆ ಭಾರತೀಯ ದಿನದ ಸಂಖ್ಯೆ ಸಿಗುತ್ತದೆ. ಸರ್ವರಿನ ಟೈಮ್‌ಝೋನ್ ಯಾರು ಯಾವಾಗ ಬದಲಿಸಿದರೂ ಲೆಕ್ಕ ಕೆಡುವುದಿಲ್ಲ.

ಡೇಟಾಬೇಸ್‌ಗೆ ತುಂಬುವುದು

ಟೇಬಲ್ ಒಂದೇ, ಕಾಲಂಗಳು ಲಾಗಿನಲ್ಲಿದ್ದ ಹಾಗೆಯೇ, ವಿಳಾಸದಿಂದ ಬಿಡಿಸಿದ ತಾಣದ ಹೆಸರು, ಅಂದರೆ ಹೋಸ್ಟ್‌ಗೆ ಮಾತ್ರ ಪ್ರತ್ಯೇಕ ಕಾಲಂ. ಎಸ್‌ಕ್ಯೂಲೈಟ್‌ನಲ್ಲಿ ಕಾಲಂ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಅವಧಿ, ಬೈಟು, ಯಂತ್ರ ಎಂದೆಲ್ಲ. ಪೈಥಾನ್ ಕೂಡ ಕನ್ನಡ ಹೆಸರು ಒಪ್ಪುತ್ತದೆ, ಆದರೆ ಒತ್ತಕ್ಷರ ಬಿಡಿಸಲು ಹಾಕುವ ಕಾಣದ ಅಕ್ಷರ ನಡುವೆ ಸೇರಿದರೆ ದೋಷ ತೋರಿಸುತ್ತದೆ.

ಒಂದೊಂದು ಸಾಲಿಗೂ ಕಮಿಟ್ (ಬರೆದದ್ದನ್ನು ಡಿಸ್ಕಿಗೆ ಖಾಯಂ ಮಾಡುವ ಆದೇಶ) ಮಾಡಬೇಡಿ. ಪ್ರತಿ ಕಮಿಟ್‌ಗೂ ಡಿಸ್ಕ್ ಬರಹ ಮುಗಿಯುವವರೆಗೆ ಕಾಯಬೇಕಾಗುತ್ತದೆ, 10 ಲಕ್ಷ ಸಾಲು ರಾತ್ರಿಯಿಡೀ ಎಳೆಯುತ್ತದೆ. 50,000 ಸಾಲನ್ನು ಒಂದು ಕಂತಾಗಿ ಹಾಕಿದರೆ ಅಷ್ಟೇ ಕೆಲಸ ಚಹಾ ಕುಡಿಯುವಷ್ಟರಲ್ಲಿ ಮುಗಿಯುತ್ತದೆ. ಮೊದಲ ಸಲ ಹಳೆಯ ಲಾಗುಗಳನ್ನೆಲ್ಲ ತುಂಬುವಾಗ, ಬೇಗ ಹುಡುಕಲು ನೆರವಾಗುವ ಇಂಡೆಕ್ಸ್ ಅನ್ನು ತುಂಬಿದ ಮೇಲೆ ಕಟ್ಟಿ.

ಒಂದೇ ಲಾಗ್ ಎರಡು ಸಲ ಒಳಗೆ ಬಂದರೆ ಎಲ್ಲ ಅಂಕಿಯೂ ಇಮ್ಮಡಿ. ಅದಕ್ಕೆ ಎಲ್ಲಿಯವರೆಗೆ ಓದಿದೆವು ಎಂಬ ಗುರುತು ಬೇಕು. ಐನೋಡ್ ಸಂಖ್ಯೆ (ಡಿಸ್ಕಿನಲ್ಲಿ ಫೈಲಿಗೆ ಸಿಗುವ ಗುರುತಿನ ಸಂಖ್ಯೆ) ಮತ್ತು ಬೈಟ್ ಸ್ಥಾನ ಇಟ್ಟರೆ ಸಾಕು ಅನ್ನಿಸುತ್ತದೆ, ಸಾಲದು. ಹಳೆಯ ಫೈಲ್ ಅಳಿದ ಮೇಲೆ ಅದೇ ಐನೋಡ್ ಹೊಸ ಫೈಲಿಗೆ ಸಿಗಬಹುದು. ಫೈಲಿನ ಮೊದಲ ಸಾಲಿನ ಹ್ಯಾಶ್ (ಸಾಲಿನಿಂದ ಲೆಕ್ಕ ಹಾಕಿದ ಬೆರಳಚ್ಚಿನಂಥ ಸಂಖ್ಯೆ) ಕೂಡ ಜೊತೆಗಿಡಿ. ಮೂರೂ ಹೊಂದಿದರೆ ನಿಂತಲ್ಲಿಂದ ಮುಂದುವರಿಯಬೇಕು, ಇಲ್ಲದಿದ್ದರೆ ಹೊಸ ಫೈಲೆಂದು ಮೊದಲಿನಿಂದ ಓದಬೇಕು. ಓದುವಾಗ ಕೊನೆಯ ಹೊಸಸಾಲು ಚಿಹ್ನೆಯವರೆಗೆ ಮಾತ್ರ ತೆಗೆದುಕೊಳ್ಳಿ. ಸ್ಕ್ವಿಡ್ ಬರೆಯುತ್ತಿರುವ ಅರ್ಧ ಸಾಲನ್ನು ಮುಂದಿನ ಸುತ್ತಿಗೆ ಬಿಡಿ.

ಹೋಸ್ಟ್ ಬಿಡಿಸುವಾಗ ಕನೆಕ್ಟ್ ಸಾಲಿನಲ್ಲಿ ಕೊನೆಯ ಕೋಲನ್ ಹತ್ತಿರ ಕತ್ತರಿಸಿ, ಮೊದಲ ಕೋಲನ್ ಹತ್ತಿರ ಅಲ್ಲ. ಹೊಸ ಬಗೆಯ ಐಪಿಯಾದ ಐಪಿವಿ6 ವಿಳಾಸದಲ್ಲಿ ಕೋಲನ್‌ಗಳೇ ತುಂಬಿರುತ್ತವೆ.

ಹೋಸ್ಟ್‌ಗಳನ್ನು ಗುಂಪು ಮಾಡುವುದರಲ್ಲಿ ನಮ್ಮ ರಾಜ್ಯದ ತಾಣಗಳದ್ದೇ ಒಂದು ತೊಡಕಿದೆ. ಹೆಸರಿನ ಕೊನೆಯ ಎರಡು ತುಂಡು ಹಿಡಿದು ಗುಂಪು ಮಾಡಿದರೆ ಸರ್ಕಾರಿ ತಾಣಗಳೆಲ್ಲ ಗೌ.ಇನ್ ಎಂಬ ಒಂದೇ ರಾಶಿಗೆ ಬೀಳುತ್ತವೆ. ಗೌ.ಇನ್ ಥರದ ಹಂಚಿಕೆಯ ಬಾಲಗಳನ್ನೆಲ್ಲ ಕೊಡುವ ಪಬ್ಲಿಕ್ ಸಫಿಕ್ಸ್ ಪಟ್ಟಿ ಬಳಸಿದರೆ ಸ್ವಲ್ಪ ಸುಧಾರಿಸುತ್ತದೆ, ಆದರೂ ಕರ್ನಾಟಕ.ಗೌ.ಇನ್ ಎನ್ನುವಲ್ಲಿಗೆ ನಿಲ್ಲುತ್ತದೆ. ಪರೀಕ್ಷೆ ಅರ್ಜಿಯ ಯುಯುಸಿಎಂಎಸ್, ವಿದ್ಯಾರ್ಥಿವೇತನದ ಎಸ್‌ಎಸ್‌ಪಿ, ಸೇವಾಸಿಂಧು ಮೂರೂ ಅದರ ಕೆಳಗೇ ಇವೆ. ಕಾಲೇಜಿಗೆ ಬೇಕಾದದ್ದೇ ಈ ಮೂರರ ಬೇರೆ ಬೇರೆ ಲೆಕ್ಕ. ಶುಲ್ಕ ಕಟ್ಟುವ ಕೊನೆಯ ದಿನ ಯುಯುಸಿಎಂಎಸ್‌ಗೆ ಎಷ್ಟು ಯಂತ್ರ ಹೋದವು ಎಂದು ಪ್ರಾಂಶುಪಾಲರು ಕೇಳಿಯೇ ಕೇಳುತ್ತಾರೆ. ಹಾಗಾಗಿ ಕರ್ನಾಟಕ.ಗೌ.ಇನ್ ಕೆಳಗಿನವುಗಳಿಗೆ ಪೂರ್ಣ ಹೋಸ್ಟ್ ಹೆಸರೇ ಇರಲಿ, ಮಿಕ್ಕದ್ದಕ್ಕೆ ಪಟ್ಟಿ ಸಾಕು.

ಎಣಿಸಬಾರದ ಸಾಲುಗಳು

ಲಾಗಿನ ಸಾಲು ಎಂದರೆ ಪುಟ ನೋಡಿದ್ದು ಎಂದಲ್ಲ. ತೊಗರಿ ಕೇರಿದ ಹಾಗೆ ಮೊದಲು ಹೊಟ್ಟು ಹಾರಿಸಬೇಕು.

ಲಾಗಿನ್ ಕೇಳುವ ಪ್ರಾಕ್ಸಿಯಲ್ಲಿ ಟಿಸಿಪಿ_ಡಿನೈಡ್/407 ಸಾಲುಗಳು ರಾಶಿ ರಾಶಿ. ಹೆಸರಿನಲ್ಲಿ ತಡೆ ಎಂದಿದ್ದರೂ ಅದು ತಡೆಯಲ್ಲ, ಹೆಸರು ಹೇಳು ಎಂಬ ಮೊದಲ ಪ್ರಶ್ನೆ. ಎನ್‌ಟಿಎಲ್‌ಎಂ ಬಗೆಯ ಲಾಗಿನ್‌ನಲ್ಲಿ ಇಂಥ 407 ಎರಡು ಸಲ ಬಂದ ಮೇಲೆಯೇ ಅಸಲಿ ಉತ್ತರ. ಇವನ್ನು ತಡೆದ ಕೋರಿಕೆಗಳ ಪಟ್ಟಿಗೆ ಸೇರಿಸಿ "ಹುಡುಗರು ಬೇಡದ ತಾಣಕ್ಕೆ ನುಗ್ಗುತ್ತಿದ್ದಾರೆ" ಎಂದು ನೋಟಿಸ್ ಹಾಕಿದರೆ ಅನ್ಯಾಯ. ನಿಜವಾದ ತಡೆ 403. ಆದರೆ ಒಂದೇ ಯಂತ್ರದಿಂದ ನಿಮಿಷಕ್ಕೆ ನೂರಾರು 407 ಬಂದು ಹಿಂದೆ 200 ಬರದಿದ್ದರೆ, ಯಾವುದೋ ಪ್ರೋಗ್ರಾಮಿನಲ್ಲಿ ಹಳೆಯ ಪಾಸ್‌ವರ್ಡ್ ಕೂತಿದೆ ಎಂದರ್ಥ. ಅದನ್ನು ಬೇರೆ ವರದಿಯಾಗಿ ತೆಗೆಯಿರಿ, ಉಪಯೋಗಕ್ಕೆ ಬರುತ್ತದೆ.

ಎರರ್ ಎಂದು ಶುರುವಾಗಿ, ತಲೆಸಾಲು ಬರುವ ಮೊದಲೇ ವ್ಯವಹಾರ ಮುಗಿಯಿತು ಎನ್ನುವ ಸಾಲುಗಳು ಇನ್ನೊಂದು ಬಗೆ. ಬ್ರೌಸರ್ ಮುಂಚಿತವಾಗಿ ತೆರೆದು ಬಳಸದೆ ಮುಚ್ಚಿದ ಕನೆಕ್ಷನ್‌ಗಳೋ, 3128 ಬದುಕಿದೆಯೇ ಎಂದು ತಟ್ಟಿ ನೋಡುವ ಮಾನಿಟರೋ ಇದಕ್ಕೆ ಕಾರಣ. ಬಿಟ್ಟುಬಿಡಿ.

ವಿಂಡೋಸ್ ಅಪ್‌ಡೇಟ್ 206 ಸ್ಥಿತಿಯ ಸಾವಿರಾರು ಸಾಲು ಬರೆಸುತ್ತದೆ, ಒಂದೇ ಕಡತವನ್ನು ತುಂಡು ತುಂಡಾಗಿ ಕೇಳುವುದರಿಂದ. ಸ್ಕ್ವಿಡ್ ಇಂಥ ತುಂಡುಗಳನ್ನು ಮುಂದೆ ಮತ್ತೆ ಕೊಡಲೆಂದು ಕ್ಯಾಶ್‌ನಲ್ಲಿ ಇಡುವುದಿಲ್ಲ. ಇಡಿಸಬೇಕೆಂದು ರೇಂಜ್ ಆಫ್‌ಸೆಟ್ ಮಿತಿಯನ್ನು ತೆಗೆದುಹಾಕಿದವರಿದ್ದಾರೆ. ಆಗ ಯಂತ್ರ ಕೇಳಿದ್ದು 1 ಎಂಬಿ ತುಂಡಾದರೂ ಸ್ಕ್ವಿಡ್ ಹೊರಗಿನಿಂದ ಕಡತದ ಆರಂಭದಿಂದ ತರುತ್ತದೆ. ಲಾಗಿನಲ್ಲಿ ಇರುವುದು ಯಂತ್ರಕ್ಕೆ ಕೊಟ್ಟ ಬೈಟು ಮಾತ್ರ, ಹಾಗಾಗಿ ಲೈನಿನ ಬಳಕೆ ಲಾಗಿಗಿಂತ ಬಹಳ ಹೆಚ್ಚು ಕಾಣುತ್ತದೆ. ಇದೇ ಕಾರಣಕ್ಕೆ ಅಪ್‌ಲೋಡ್ ಕೂಡ ಆ ಐದನೇ ಕಾಲಂನಲ್ಲಿ ಇರುವುದಿಲ್ಲ.

ಕ್ಯಾಶ್ ಹಿಟ್ ಶೇಕಡಾ (ಕ್ಯಾಶ್‌ನಿಂದಲೇ ಕೊಟ್ಟ ಉತ್ತರಗಳ ಪಾಲು) ಹಾಕುವವರು ಕನೆಕ್ಟ್ ಸಾಲುಗಳನ್ನು ಭಾಜಕದಿಂದ ತೆಗೆಯಬೇಕು. ಸುರಂಗದೊಳಗೆ ಏನಿದೆ ಎಂದು ಕಾಣದ ಸ್ಕ್ವಿಡ್ ಅದನ್ನು ಕ್ಯಾಶ್ ಮಾಡುವ ಪ್ರಶ್ನೆಯೇ ಇಲ್ಲ. ಈಗಿನ ದಿನಗಳಲ್ಲಿ ಆ ಶೇಕಡಾ ಅಂಕಿಯನ್ನೇ ವರದಿಯಿಂದ ಕಿತ್ತು ಹಾಕಿದರೂ ನಷ್ಟವಿಲ್ಲ ಎಂಬುದು ನಮ್ಮ ಅಭಿಪ್ರಾಯ.

ಲೆಕ್ಕ ತಾಳೆ ನೋಡುವುದು

ಹಾದುಹೋದ ಬೈಟು ಎಣಿಸುವ ಪ್ರೋಗ್ರಾಂ ಬೇಕು. ಪ್ರಾಕ್ಸಿ ಯಂತ್ರದ ಲ್ಯಾಬ್ ಕಡೆಯ ನೆಟ್‌ವರ್ಕ್ ಕಾರ್ಡಿಗೆ ವಿಎನ್‌ಸ್ಟ್ಯಾಟ್ ಹಾಕಿ, ದಿನದ ಹೊರಹರಿವನ್ನು ಲಾಗಿನ ಮೊತ್ತದ ಪಕ್ಕ ಇಡಿ. 1460 ಬೈಟಿನ ಪ್ರತಿ ತುಂಡಿಗೆ ಐಪಿ, ಟಿಸಿಪಿ ತಲೆಬರಹ 40 ಬೈಟು, ಈಥರ್‌ನೆಟ್‌ದು 14. ಆದ್ದರಿಂದ ಲಾಗು 4 ಶೇಕಡಾದಷ್ಟು ಕಡಿಮೆ ತೋರಿಸುವುದು ಸಹಜ, ಸಣ್ಣ ಪ್ಯಾಕೆಟ್ಟುಗಳಿಂದ ಇನ್ನಷ್ಟು. ಅಂತರ 10 ಶೇಕಡಾ ದಾಟಿದರೆ ಹುಡುಕಬೇಕು.

ಹೆಚ್ಚಿನ ಸಲ ಸಿಗುವ ಕಳ್ಳ ಕ್ವಿಕ್, ಅಂದರೆ ಟಿಸಿಪಿ ಬದಲು ಯುಡಿಪಿ ಮೇಲೆ ಪುಟ ತರುವ ಹೊಸ ದಾರಿ. ಬ್ರೌಸರಿನಲ್ಲಿ ಪ್ರಾಕ್ಸಿ ಬರೆಯದೆ, ಗೇಟ್‌ವೇಯಲ್ಲೇ ಟಿಸಿಪಿ 80 ಮತ್ತು 443 ಅನ್ನು ಸ್ಕ್ವಿಡ್‌ಗೆ ತಿರುಗಿಸಿದ್ದರೆ, ಯುಡಿಪಿ 443ರ ಮೇಲೆ ಹೋಗುವ ಎಚ್‌ಟಿಟಿಪಿ/3 ಲಾಗಿಗೆ ಬರುವುದೇ ಇಲ್ಲ. ಯೂಟ್ಯೂಬ್‌ನ ದೊಡ್ಡ ಪಾಲು ಹಾಗೇ ಜಾರಿಕೊಳ್ಳುತ್ತದೆ. ಫೈರ್‌ವಾಲಿನಲ್ಲಿ ಯುಡಿಪಿ 443 ಮುಚ್ಚಿ. ಬ್ರೌಸರು ತಾನೇ ಟಿಸಿಪಿಗೆ ಮರಳುತ್ತದೆ, ಯಾರಿಗೂ ಗೊತ್ತೂ ಆಗುವುದಿಲ್ಲ. ಅಂತರದಲ್ಲಿ ಕಾಣದ ಇನ್ನೊಂದು ತೊಡಕು, ಲ್ಯಾಬಿನ ನಡುವೆ ಯಾರೋ ಸಿಕ್ಕಿಸಿದ ವೈಫೈ ರೂಟರ್. ಅದರ ಹಿಂದಿನ 20 ಫೋನುಗಳು ಒಂದೇ ಐಪಿಯಾಗಿ ಕಾಣುತ್ತವೆ. ಮೊತ್ತ ಸರಿಯಿರುತ್ತದೆ, ಆರೋಪ ಮಾತ್ರ ತಪ್ಪು ಯಂತ್ರದ ಮೇಲೆ. ರೂಟರನ್ನು ಬರೀ ಆಕ್ಸೆಸ್ ಪಾಯಿಂಟ್ ಮಾಡಿ.

ಆಕ್‌ನಲ್ಲಿ (ಸಾಲುಗಳಿಂದ ಕಾಲಂ ಆಯ್ದು ಕೂಡಿಸುವ ಸಣ್ಣ ಭಾಷೆ) ಥಟ್ಟನೆ ಕೂಡಿಸಿ ನೋಡುವವರಿಗೆ ಒಂದು ಮಾತು. ಅದರ ಒಂದು ರೂಪವಾದ ಮಾಕ್‌ನ 1.3.3 ಎಂಬ ಹಳೆಯ ಆವೃತ್ತಿಯಲ್ಲಿ ಪೂರ್ಣಾಂಕವಾಗಿ ಮುದ್ರಿಸಿದರೆ ಎಷ್ಟೇ ದೊಡ್ಡ ಮೊತ್ತವಾದರೂ 2147483647ಕ್ಕೆ ನಿಲ್ಲುತ್ತದೆ. ನಾಲ್ಕಾರು ಯಂತ್ರಗಳ ಬಳಕೆ ಬೈಟಿಗೆ ಬೈಟು ಒಂದೇ ಬಂದರೆ ಇದೇ ಅದು. ಗಾಕ್ ಎಂಬ ಇನ್ನೊಂದು ರೂಪ ಬಳಸಿ, ಇಲ್ಲವೇ ದಶಾಂಶ ರೂಪದಲ್ಲಿ ಸೊನ್ನೆ ಸ್ಥಾನ ಕೇಳಿ ಮುದ್ರಿಸಿ.

ಕರೆಂಟು, ಬಿಸಿಲು, ಗಡಿಯಾರ

ಮೇ ತಿಂಗಳಲ್ಲಿ ಇಲ್ಲಿ ಹೊರಗೆ 42 ಡಿಗ್ರಿ ದಾಟುತ್ತದೆ. ಶಹಾಬಾದ್ ಕಲ್ಲಿನ ನೆಲ ತಂಪೆಂದು ಸಿಪಿಯುವನ್ನು ನೆಲಕ್ಕೇ ಇಡುವುದು ರೂಢಿ, ಆದರೆ ಧೂಳು ಎಳೆದುಕೊಳ್ಳುವುದೂ ಅಲ್ಲಿಂದಲೇ. ಒಂದಡಿ ಎತ್ತರಿಸಿ. ಶಾಖಕ್ಕೆ ಯುಪಿಎಸ್ ಬ್ಯಾಟರಿ ಬೇಗ ಸೊರಗುತ್ತದೆ, ಕರೆಂಟು ಹೋದೊಡನೆ ಯಂತ್ರ ಧಪ್ಪನೆ ಆರುತ್ತದೆ. ಆಗ ಲಾಗಿಗೆ ಮೂರು ಪೆಟ್ಟು.

ತೆರೆದಿದ್ದ ಸುರಂಗಗಳ ಸಾಲು ಬರೆಯಲು ಸ್ಕ್ವಿಡ್‌ಗೆ ಅವಕಾಶವೇ ಇಲ್ಲ. ಆ ಬೈಟುಗಳು ಲೆಕ್ಕದಿಂದ ಕಾಯಂ ಮಾಯ. ಕ್ರಮವಾಗಿ ನಿಲ್ಲಿಸಿದರೆ ಮೂಲ ಸೆಟ್ಟಿಂಗಿನಲ್ಲಿ 30 ಸೆಕೆಂಡು ಕಾದು ಮುಚ್ಚುತ್ತದೆ, ಆದ್ದರಿಂದ ಯುಪಿಎಸ್ ಕನಿಷ್ಠ ಎರಡು ನಿಮಿಷ ತಡೆಯಲೇಬೇಕು ಮತ್ತು ಶಟ್‌ಡೌನ್ ಆದೇಶ ಯುಪಿಎಸ್‌ನಿಂದಲೇ ಬರಬೇಕು.

ಎರಡನೆಯದು, ಫೈಲಿನ ನಡುವೆ ಶೂನ್ಯ ಬೈಟುಗಳ ಪಟ್ಟೆ. ಡಿಸ್ಕಿನಲ್ಲಿ ಜಾಗ ಮೀಸಲಾಗಿ ಬರಹ ತಲುಪದೆ ಹೋದಾಗ ಹೀಗಾಗುತ್ತದೆ. ಗ್ರೆಪ್ ಎಂಬ ಹುಡುಕುವ ಆದೇಶ ಓಡಿಸಿದರೆ ಬೈನರಿ ಫೈಲ್ ಹೊಂದಿಕೆಯಾಗುತ್ತದೆ ಎಂದು ಹೇಳಿ ಸುಮ್ಮನಾಗುತ್ತದೆ, ಫೈಲೇ ಕೆಟ್ಟಿತೆಂದು ಗಾಬರಿ. ಗ್ರೆಪ್‌ಗೆ ಸಣ್ಣ ಎ ಆಯ್ಕೆ ಕೊಡಿ. ಪೈಥಾನಿನಲ್ಲಿ ಬೈಟುಗಳಾಗಿಯೇ ಓದಿ, ಶೂನ್ಯ ಬೈಟು ತೆಗೆದು, ಉಳಿದದ್ದನ್ನು ಬಿಡಿಸಿ. 10 ಕಾಲಂ ಬರದ ಸಾಲನ್ನು ಎಸೆಯದೆ ಬೇರೆ ಫೈಲಿಗೆ ಬರೆದಿಡಿ. ಮರುದಿನ ಆ ಫೈಲಿನ ಗಾತ್ರ ನೋಡಿದರೆ ರಾತ್ರಿ ಕರೆಂಟು ಹೋಗಿತ್ತೋ ಇಲ್ಲವೋ ತಿಳಿಯುತ್ತದೆ.

ಮೂರನೆಯದು ಗಡಿಯಾರ. ಹಳೆಯ ಮದರ್‌ಬೋರ್ಡಿನ ಸಿಆರ್2032 ನಾಣ್ಯದ ಸೆಲ್ ಸತ್ತಿದ್ದರೆ, ಬೂಟ್ ಆದಾಗ ತಾರೀಖು ವರ್ಷಗಟ್ಟಲೆ ಹಿಂದೆ. ಎನ್‌ಟಿಪಿ (ನೆಟ್ ಮೂಲಕ ಗಡಿಯಾರ ಹೊಂದಿಸುವ ವ್ಯವಸ್ಥೆ) ಸರಿಪಡಿಸುವ ಮೊದಲೇ ಸ್ಕ್ವಿಡ್ ಎದ್ದು ಹಳೆಯ ತಾರೀಖಿನಲ್ಲಿ ಬರೆಯತೊಡಗುತ್ತದೆ. ಸೆಲ್ ಬದಲಿಸಿ. ಜೊತೆಗೆ ಸ್ಕ್ವಿಡ್ ಸೇವೆಯನ್ನು, ಉಬುಂಟುವಿನಲ್ಲಿ ಸೇವೆಗಳನ್ನು ಎಬ್ಬಿಸುವ ಸಿಸ್ಟಂಡಿಯ ಟೈಮ್-ಸಿಂಕ್ ಟಾರ್ಗೆಟ್ ನಂತರ ಏಳುವಂತೆ ಮಾಡಿ. ಅದಕ್ಕೆ ಟೈಮ್-ವೇಟ್-ಸಿಂಕ್ ಸೇವೆ ಚಾಲೂ ಇರಬೇಕು, ಬರೀ ಟಾರ್ಗೆಟ್ ಹೆಸರು ಬರೆದರೆ ಕಾಯುವುದಿಲ್ಲ. ಸಾಲುಗಳು ಮುಗಿದ ಹೊತ್ತಿನ ಕ್ರಮದಲ್ಲೇ ಬರುವುದರಿಂದ, ಹಿಂದಿನ ಸಾಲಿಗಿಂತ 60 ಸೆಕೆಂಡಿಗೂ ಹೆಚ್ಚು ಹಿಂದೆ ಹೋದ ಸಾಲು ಕಂಡರೆ ಗಡಿಯಾರ ಜಿಗಿದಿದೆ ಎಂದೇ ತಿಳಿಯಿರಿ. ಆ ಗಳಿಗೆಯಲ್ಲಿ ತೆರೆದಿದ್ದ ಕನೆಕ್ಷನ್‌ಗಳ ಅವಧಿಯನ್ನು ನಂಬಬೇಡಿ, ಅವನ್ನು ಹರಡದೆ ಪಕ್ಕಕ್ಕಿಡಿ.

ಸಿದ್ಧ ಸಾಧನಗಳು ಯಾವಾಗ ಸಾಕು

ಈಗಲೇ, ಈ ಕ್ಷಣ ಯಾರು ಎಳೆಯುತ್ತಿದ್ದಾರೆ ಎಂದು ನೋಡಲು ಗೋಆಕ್ಸೆಸ್ ಚೆನ್ನ. ಲಾಗ್ ರೂಪಕ್ಕೆ ಸ್ಕ್ವಿಡ್ ಎಂಬ ಹೆಸರೇ ಅದರೊಳಗಿದೆ. ಆದರೆ ಮುಚ್ಚದ ಸುರಂಗ ಅದಕ್ಕೂ ಕಾಣದು. ತಿಂಗಳಿಗೊಮ್ಮೆ ಬಳಕೆದಾರವಾರು ಪಟ್ಟಿ ಸಾಕೆನ್ನುವವರಿಗೆ ಪೆದ್ರೊ ಒರ್ಸೊ ಬರೆದ ಸಾರ್ಗ್ ಇದೆ. ಪ್ರತಿ ಬಳಕೆದಾರರಿಗೂ ಬೇರೆ ಬೇರೆ ಸಣ್ಣ ಕಡತ ಸೃಷ್ಟಿಸುವುದರಿಂದ ದಿನವೂ ಓಡಿಸಿದರೆ ಜಾಗ ಇದ್ದರೂ ಐನೋಡ್ ಮುಗಿಯುವ ಸಂಭವ ಉಂಟು. ಗಿಲ್ ದರೋಲ್ಡ್ ಬರೆದ ಸ್ಕ್ವಿಡ್‌ಅನಲೈಸರ್ ನಿಂತಲ್ಲಿಂದ ಮುಂದುವರಿಯುವ ಬಗೆಯದು, ದೊಡ್ಡ ಲಾಗಿಗೆ ಅದೇ ವಾಸಿ.

ನಿಧಾನಕ್ಕೆ ಡಿಎನ್‌ಎಸ್ ಕಾರಣವೇ ಎಂದು ತಿಳಿಯಬೇಕಾದರೆ ಲಾಗ್ ರೂಪಕ್ಕೆ ಡಿಟಿ ಸಂಕೇತ ಸೇರಿಸಬಹುದು, ಹೆಸರು ಹುಡುಕಲು ಹೋದ ಮಿಲಿಸೆಕೆಂಡು ಬರುತ್ತದೆ. ಆದರೆ ಮೂಲ ಲಾಗಿನ ರೂಪ ಬದಲಿಸಬೇಡಿ, ಸಿದ್ಧ ಸಾಧನಗಳೆಲ್ಲ ಓದುವುದು ಅದನ್ನೇ. ಆಕ್ಸೆಸ್ ಲಾಗ್ ಸಾಲನ್ನು ಸೆಟ್ಟಿಂಗಿನಲ್ಲಿ ಎರಡು ಸಲ ಬರೆಯಲು ಸ್ಕ್ವಿಡ್ ಬಿಡುತ್ತದೆ. ಎರಡನೆಯದನ್ನು ಬೇರೆ ಫೈಲಿಗೆ, ನಿಮ್ಮ ರೂಪದಲ್ಲಿ ಬರೆಸಿ.

ಇಟ್ಟುಕೊಳ್ಳುವುದು

ಸಾಲಿಗೆ 150 ಬೈಟು, ದಿನಕ್ಕೆ 10 ಲಕ್ಷ ಸಾಲು ಎಂದು ಹಿಡಿದರೆ ದಿನಕ್ಕೆ 150 ಎಂಬಿ, 180 ದಿನಕ್ಕೆ 27 ಜಿಬಿ. ಜಿಝಿಪ್ ಮಾಡಿದರೆ ಕೆಲವೇ ಜಿಬಿ. 180 ದಿನ ಎಂಬುದು ಸುಮ್ಮನೆ ಆರಿಸಿದ್ದಲ್ಲ: ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರ ನಿರ್ದೇಶನದಲ್ಲಿ ಲಾಗುಗಳನ್ನು ಅಷ್ಟು ದಿನ ದೇಶದೊಳಗೇ ಇಡಬೇಕು, ಗಡಿಯಾರವನ್ನು ಎನ್‌ಐಸಿ ಅಥವಾ ಎನ್‌ಪಿಎಲ್‌ನ ಎನ್‌ಟಿಪಿ ಸರ್ವರಿಗೆ ಹೊಂದಿಸಬೇಕು ಎಂದಿದೆ. ಡೇಟಾಬೇಸ್‌ನಲ್ಲಿ ಬಿಡಿ ಸಾಲುಗಳು 30 ದಿನ ಸಾಕು, ಆಮೇಲೆ ಐದು ನಿಮಿಷದ ಮೊತ್ತಗಳು ಮಾತ್ರ.

ಲಾಗ್‌ರೊಟೇಟ್‌ನಲ್ಲಿ (ಲಾಗನ್ನು ದಿನದಿನಕ್ಕೆ ಹೊಸ ಫೈಲಿಗೆ ಬದಲಿಸುವ ಸಾಧನ) ನಕಲಿಸಿ ಖಾಲಿ ಮಾಡುವ ಆಯ್ಕೆ ಹಾಕಬೇಡಿ, ನಕಲಿಸುವ ಮತ್ತು ಖಾಲಿ ಮಾಡುವ ನಡುವೆ ಬಂದ ಸಾಲುಗಳು ಕಳೆದುಹೋಗುತ್ತವೆ. ಹೆಸರು ಬದಲಿಸಿ ಸ್ಕ್ವಿಡ್‌ಗೆ ರೊಟೇಟ್ ಸಂಕೇತ ಕಳಿಸುವುದೇ ಸರಿ. ಸಂಕುಚನವನ್ನು ಒಂದು ದಿನ ತಡ ಮಾಡಿದರೆ ಓದುವ ಪ್ರೋಗ್ರಾಮಿಗೆ ನಿನ್ನೆಯ ಬಾಲ ಸಿಗುತ್ತದೆ. ಡಿಸ್ಕ್ ತುಂಬಲು ಬಿಡಲೇಬೇಡಿ: ಲಾಗ್ ಬರೆಯಲಾಗದಿದ್ದರೆ ಸ್ಕ್ವಿಡ್ ಮೂಲ ಸೆಟ್ಟಿಂಗಿನಲ್ಲಿ ಸತ್ತೇ ಹೋಗುತ್ತದೆ, ಇಡೀ ಕಾಲೇಜಿಗೆ ನೆಟ್ ಇಲ್ಲ. ಶೇಕಡಾ 80 ದಾಟಿದರೆ ಮೇಲ್ ಬರುವಂತೆ ಇಡಿ.

ಓದುವ ಪ್ರೋಗ್ರಾಮಿಗೆ ರೂಟ್ ಅಧಿಕಾರ ಬೇಡ. ಉಬುಂಟುವಿನಲ್ಲಿ ಪ್ರಾಕ್ಸಿ ಎಂಬ ಗುಂಪಿಗೆ ಅದರ ಬಳಕೆದಾರನನ್ನು ಸೇರಿಸಿ, ಲಾಗಿಗೆ 640 ಅನುಮತಿ (ಮಾಲೀಕ ಓದಿ ಬರೆಯಬಹುದು, ಗುಂಪು ಓದಬಹುದು ಮಾತ್ರ) ಇರಲಿ. ಐಪಿಗೆ ಯಾವ ವಿದ್ಯಾರ್ಥಿ ಎಂಬ ಪಟ್ಟಿ ಬೇರೆ ಫೈಲಿನಲ್ಲಿ, ಇಬ್ಬರ ಕೈಯಲ್ಲಿ ಮಾತ್ರ. ನೋಟಿಸ್ ಬೋರ್ಡಿಗೆ ಹೋಗುವ ವರದಿಯಲ್ಲಿ ಲ್ಯಾಬಿನ ಹೆಸರು ಸಾಕು. ವಿಳಾಸದಲ್ಲಿ ಪ್ರಶ್ನೆಚಿಹ್ನೆಯ ನಂತರದ ಭಾಗವನ್ನು ಸ್ಕ್ವಿಡ್ ತಾನಾಗಿಯೇ ಕತ್ತರಿಸಿ ಬರೆಯುತ್ತದೆ. ಅದನ್ನು ಹಾಗೇ ಬಿಡಿ.

ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಕ್ರಾನ್ ಬೆಳಗಿನ ಜಾವ 3:10ಕ್ಕೆ. ಪ್ರೋಗ್ರಾಂ ತಿದ್ದಿದಾಗಲೆಲ್ಲ ಒಂದು ಪುಟ್ಟ ನಮೂನೆ ಫೈಲಿನ ಮೇಲೆ ಮೊದಲು ಓಡಿಸಿ: ಮಧ್ಯರಾತ್ರಿ ದಾಟಿದ ಸುರಂಗ ಒಂದು, ಅವಧಿ 0 ಇರುವ 403 ಒಂದು, 407 ಎರಡು, ಐಪಿವಿ6 ಕನೆಕ್ಟ್ ಒಂದು, ಶೂನ್ಯ ಬೈಟಿನ ಸಾಲು ಒಂದು, ಕೊನೆಗೆ ಹೊಸಸಾಲು ಚಿಹ್ನೆಯಿಲ್ಲದ ಅರ್ಧ ಸಾಲು. ಹರಡಿದ ತುಂಡುಗಳ ಮೊತ್ತ ಮೂಲ ಬೈಟುಗಳ ಮೊತ್ತಕ್ಕೆ ಸರಿಹೋದರೆ ಮಾತ್ರ ಅಸಲಿ ಡೇಟಾಬೇಸ್ ಮೇಲೆ ಕೈ ಹಾಕಿ.